ಪಟ್ಟಾ ಇಲ್ಲದ ಮನೆಯ ಮಗು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯ ಹಸಲರು, ಮಲೆಕುಡಿಯರು, ಗೌಡಲು ಸಮುದಾಯಗಳ ಮಕ್ಕಳಿಗಾಗಿ ಸ್ವಾತಂತ್ರ್ಯಾನಂತರ ಬಂದ ಕಾಯ್ದೆಗಳೂ ಯೋಜನೆಗಳೂ ಕಡಿಮೆಯೇನಲ್ಲ. ಆಶ್ರಮ ಶಾಲೆ ಬಂತು, ವಿದ್ಯಾರ್ಥಿನಿಲಯ ಬಂತು, ಅಂಗನವಾಡಿ ಬಂತು, ಮಳೆಗಾಲದ ಪೌಷ್ಟಿಕ ಆಹಾರವೂ ಬಂತು. ಇವನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಒಂದು ದೋಷ ಎದ್ದು ಕಾಣುತ್ತದೆ. ಮಗುವಿನ ಮೇಲೆ ಕರುಣೆ ತೋರಿದವರು ಆ ಮಗುವಿನ ಮನೆ ನಿಂತಿರುವ ನೆಲದ ಪ್ರಶ್ನೆಯನ್ನು ಬೇರೆ ಕಡತಕ್ಕೆ ತಳ್ಳಿದರು. ಅಪ್ಪ ಅಮ್ಮನನ್ನು ಒತ್ತುವರಿದಾರರೆಂದು ಕರೆಯುತ್ತಲೇ ಮಗುವನ್ನು ಫಲಾನುಭವಿ ಎಂದು ಬರೆದುಕೊಂಡರು. ಈ ಎರಡು ಕಡತಗಳು ಒಂದಾಗದೆ ಇಲ್ಲಿನ ಆದಿವಾಸಿ ಮಕ್ಕಳ ಹಕ್ಕು ಕಾಗದದಿಂದ ಕೆಳಗಿಳಿಯಲಾರದು ಎಂಬುದು ನನ್ನ ವಾದ.

ವಸಾಹತು ಕಾಲದ ಬರಹಗಳಲ್ಲಿ ಈ ಪ್ರಶ್ನೆಯೇ ಇಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳಾಗಲಿ, ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಬುಡಕಟ್ಟುಗಳ ಸಂಪುಟಗಳಾಗಲಿ ಮದುವೆ, ದೈವ, ಸಾವಿನ ಆಚರಣೆಗಳನ್ನು ಶ್ರದ್ಧೆಯಿಂದ ದಾಖಲಿಸಿದವು. ಹಕ್ಕಿನ ಮಾತು ಅವುಗಳ ವಿಷಯವಾಗಿರಲಿಲ್ಲ. 1950ರ ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಈ ಸಮುದಾಯಗಳ ಹೆಸರು ಸೇರಿದ ಮೇಲೆ ಕಲ್ಯಾಣದ ಕಾಲ ಶುರುವಾಯಿತು. ಕಾಫಿ ಸೀಮೆಯ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ. ಕಾರ್ಮಿಕರಿಗೆ ಮನೆ, ಆಸ್ಪತ್ರೆ, 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುವಿಹಾರ, 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದಲ್ಲಿ ಶಾಲೆ: ತೋಟದ ಮಾಲೀಕನಿಗೆ ಕೂಲಿಯವರ ಮಕ್ಕಳ ಹೊಣೆ ಹೊರಿಸಿದ ಮೊದಲ ಕಾನೂನು ಇದು. ಆದರೆ ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ 10 ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯವರು. ಇಂಥ ತೋಟದಲ್ಲಿ 50 ಹೆಣ್ಣಾಳುಗಳ ಲೆಕ್ಕ ಹುಟ್ಟುವುದೇ ಇಲ್ಲ. ಬೆಳಿಗ್ಗೆ ಜೀಪು ಹತ್ತಿ ಒಂದು ವಾರ ಒಬ್ಬರ ತೋಟಕ್ಕೆ, ಮುಂದಿನ ವಾರ ಇನ್ನೊಬ್ಬರ ತೋಟಕ್ಕೆ ಹೋಗುವ ತಾಯಿಯ ಹೆಸರು ತೋಟದ ಹಾಜರಿ ಬರೆಯುವ ಯಾವ ರೈಟರ್‌ನ ಪುಸ್ತಕದಲ್ಲೂ ಕಾಯಂ ಆಗಿ ಕೂರುವುದಿಲ್ಲ. ಅವಳ ಮಗುವೂ ಎಲ್ಲೂ ಎಣಿಕೆಗೆ ಬರುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರುವಾಗಿ, ರೋಬಸ್ಟಾ ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಶಾಲೆಯ ಅರ್ಧ ವರ್ಷ, ಪರೀಕ್ಷೆಯ ತಿಂಗಳುಗಳೂ ಸೇರಿ, ಮನೆಯ ದೊಡ್ಡ ಮಕ್ಕಳು ಚಿಕ್ಕವರನ್ನು ನೋಡಿಕೊಳ್ಳುವ ಕಾಲವೂ ಹೌದು.

ಎಪ್ಪತ್ತರ ದಶಕ ಎರಡು ದೊಡ್ಡ ಭರವಸೆ ಕೊಟ್ಟಿತು. 1976ರ ಜೀತ ನಿರ್ಮೂಲನಾ ಕಾಯ್ದೆ ಹಳೆಯ ಸಾಲಗಳನ್ನು ರದ್ದು ಮಾಡಿತು. ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು, ಆದರೆ ಪ್ಲಾಂಟೇಷನ್‌ಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ಹಸಲರು ಗೇಣಿದಾರರಾಗಿರಲಿಲ್ಲ, ಕೂಲಿಗಳಾಗಿದ್ದರು. ಕೂಲಿಗೆ ಆ ಕಾಯ್ದೆಯಲ್ಲಿ ಪಾಲಿರಲಿಲ್ಲ. ಕರ್ನಾಟಕದ ಭೂಸುಧಾರಣೆಯನ್ನು ಹೊಗಳುವಾಗ ಈ ಸೀಮೆಯನ್ನು ಮರೆತು ಹೊಗಳುವುದು ನ್ಯಾಯವಲ್ಲ.

ಮುಂದಿನ ಪೆಟ್ಟು ಬಿದ್ದದ್ದು ಕಾಡಿನೊಳಗೇ ಮನೆಮಾಡಿಕೊಂಡಿದ್ದ ಮಲೆಕುಡಿಯರಿಗೆ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಹಬ್ಬಿದ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು 1987ರಲ್ಲಿ ಪ್ರಕಟಿಸಿ, 2001ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಲಾಯಿತು. ಆಮೇಲಿನ ಕಥೆ ಎಲ್ಲರಿಗೂ ಗೊತ್ತು: ಎತ್ತಂಗಡಿಯ ಭಯ, ಪ್ರತಿಭಟನೆ, ನಕ್ಸಲ್ ಚಟುವಟಿಕೆ, ಎನ್‌ಕೌಂಟರ್‌ಗಳು, ಕೂಂಬಿಂಗ್. ಮಕ್ಕಳ ದೃಷ್ಟಿಯಿಂದ ಆ ಕಥೆಯನ್ನು ಹೇಳಿದವರು ಕಡಿಮೆ. ಉದ್ಯಾನದೊಳಗಿನ ಕುತ್ಲೂರಿನ ಮಲೆಕುಡಿಯ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬ 2012ರಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿತನಾಗಿ, 2021ರಲ್ಲಿ ಖುಲಾಸೆಯಾದ. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು. ಆ ಊರಿನಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಹುಡುಗನಿಗೆ ಒಂಬತ್ತು ವರ್ಷ ಕೋರ್ಟು ಅಲೆಯುವುದಾಯಿತು. ಮಕ್ಕಳನ್ನು ಓದಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ ಸುತ್ತಲಿನ ಮನೆಗಳಿಗೆ ಇದು ಏನು ಹೇಳಿರಬಹುದು? 2025ರ ಜನವರಿಯಲ್ಲಿ ಶರಣಾದ ಆರು ನಕ್ಸಲರಲ್ಲಿ ಬಾಳೆಹೊಳೆ, ಮುಂಡಗಾರು, ಕುತ್ಲೂರಿನಂಥ ಇದೇ ಮಲೆಯ ಊರುಗಳ ಹೆಣ್ಣುಮಕ್ಕಳಿದ್ದರು ಎಂಬುದನ್ನೂ ಇದರ ಜೊತೆಗೇ ನೋಡಬೇಕು.

ನೆಲ ಮತ್ತು ಮಗು ಎರಡನ್ನೂ ಒಂದೇ ಕಾನೂನಿನಲ್ಲಿ ಕಂಡದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಜನರಿಗೆ ಗೊತ್ತಿರುವುದು ಅದರ ಪಟ್ಟಾ ಭಾಗ: 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅನುಭವದಲ್ಲಿದ್ದ ನೆಲಕ್ಕೆ ಗರಿಷ್ಠ 4 ಹೆಕ್ಟೇರ್ ಹಕ್ಕು, ಹಕ್ಕು ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ. ನಮ್ಮ ವಿಷಯಕ್ಕೆ ಅಷ್ಟೇ ತೂಕದ್ದು 3(2)ನೇ ಕಲಂ. ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಮುಂತಾದ 13 ಸೌಲಭ್ಯಗಳಿಗೆ ತಲಾ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಟ್ಟುಕೊಡಬಹುದು. ದೆಹಲಿಯ ಅನುಮತಿಗೆ ಕಾಯಬೇಕಿಲ್ಲ. ಇಷ್ಟು ಸರಳ ದಾರಿಯಿದ್ದೂ ಕಳಸ ಸೀಮೆಯ ಕಾಡಂಚಿನಿಂದ ರೋಗಿಗಳನ್ನು, ಬಸುರಿಯರನ್ನು ಜೋಳಿಗೆಯಲ್ಲಿ ಹೊತ್ತು ತಂದ ಸುದ್ದಿ ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೇಳಿದರೆ, ರಸ್ತೆಗೆ ಅರಣ್ಯ ಇಲಾಖೆ ಬಿಡುವುದಿಲ್ಲ ಎನ್ನುತ್ತದೆ ಪಂಚಾಯಿತಿ. ಪ್ರಸ್ತಾವವೇ ಬಂದಿಲ್ಲ ಎನ್ನುತ್ತದೆ ಅರಣ್ಯ ಇಲಾಖೆ. ಅಂಗನವಾಡಿಯದು ಇನ್ನೊಂದು ಬಗೆ. ಗುಡ್ಡಗಾಡಿನ ಮಿನಿ ಅಂಗನವಾಡಿಗೂ 150 ಜನಸಂಖ್ಯೆ ಬೇಕೆಂಬ ಮಾನದಂಡವಿದೆ. ಹತ್ತಿಪ್ಪತ್ತು ಮನೆಗಳು, ಅವೂ ಒಂದೊಂದು ಒಂದೊಂದು ದಿಬ್ಬದ ಮೇಲೆ ಇರುವ ಮಲೆಕುಡಿಯರ ನೆಲೆಗೆ ಈ ಎಣಿಕೆಯೂ ಹೊಂದುವುದಿಲ್ಲ.

ಕಾಡು ಉಳಿಯಬೇಡವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಭದ್ರೆ, ತುಂಗೆ, ನೇತ್ರಾವತಿ ಹುಟ್ಟುವ ಮಲೆ ಇದು. ಆದರೆ ಇದೇ ಮಲೆಯಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ 2005ರ ಕೊನೆಯವರೆಗೆ ಗಣಿ ನಡೆಸಿತು, ಅಣೆಕಟ್ಟು ಕಟ್ಟಿತು, ಘಟ್ಟ ಇಳಿಸಿ ಪಣಂಬೂರಿನವರೆಗೆ ಕೊಳವೆ ಹಾಸಿತು. ಅದರ ನೌಕರರ ಮಕ್ಕಳಿಗೆ ಆ ಕಾಡಿನ ನಡುವೆಯೇ ಶಾಲೆಯಿತ್ತು, ಆಸ್ಪತ್ರೆಯಿತ್ತು. ಮಲೆಕುಡಿಯರ ಮಗುವಿಗೆ ಒಂದು ಕಾಲುಸಂಕ ಕೊಡುವಾಗ ಮಾತ್ರ ಕಾಡಿನ ನೆನಪಾಗುವುದು ಹೇಗೆ ಸರಿ? ಒತ್ತುವರಿಯ ವಿಷಯದಲ್ಲೂ ಹೀಗೆಯೇ. ಸರ್ಕಾರಿ ಜಾಗದಲ್ಲಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು 2022ರ ಕೊನೆಯಲ್ಲಿ ಭೂಕಂದಾಯ ಕಾಯ್ದೆಯನ್ನೇ ತಿದ್ದಲಾಯಿತು. ಆದಿವಾಸಿಗೆ ಕಾನೂನು ಒಪ್ಪಿದ ಮಿತಿ ಸುಮಾರು 10 ಎಕರೆ, ಅದಕ್ಕೂ ಸಾಕ್ಷ್ಯದ ಮೇಲೆ ಸಾಕ್ಷ್ಯ.

ಪುನರ್ವಸತಿ ಮಾಡಿಕೊಟ್ಟರೆ ಮಕ್ಕಳ ಭವಿಷ್ಯ ಚೆನ್ನಾಗಿರುತ್ತದೆ ಎನ್ನುವವರು ಭದ್ರಾ ಅಭಯಾರಣ್ಯದ ಉದಾಹರಣೆ ಕೊಡುತ್ತಾರೆ. ಅಲ್ಲಿಂದ 2001-02ರಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ ಮತ್ತಿತರ ಕಡೆ ನೆಲೆಸಿದವು. ದೇಶದ ಯಶಸ್ವಿ ಪುನರ್ವಸತಿಗಳ ಸಾಲಿನಲ್ಲಿ ಅದನ್ನು ಹೆಸರಿಸುತ್ತಾರೆ. ಒಪ್ಪೋಣ. ಅದು ಫಲಿಸಿದ್ದು ನೀರಾವರಿ ಜಮೀನು ಸಿಕ್ಕಿದ್ದರಿಂದ. ಬರೀ ಪರಿಹಾರದ ಹಣ ಹಿಡಿದು ಹೊರಬರುವ ಕುಟುಂಬ ಕೊನೆಗೆ ಯಾವುದೋ ತೋಟದ ಲೈನ್ ಮನೆ ಸೇರುತ್ತದೆ, ಮಗು ಮತ್ತೆ ರೈಟರ್‌ನ ಪುಸ್ತಕದ ಹೊರಗೆ ಉಳಿಯುತ್ತದೆ. ಭದ್ರಾದ ಯಶಸ್ಸು ನೆಲದ ಮಹತ್ವಕ್ಕೇ ಸಾಕ್ಷಿ. ಆಶ್ರಮ ಶಾಲೆಗಳ ಬಗ್ಗೆಯೂ ನನ್ನ ನಿಲುವು ಇದೇ. ಅವು ಅನೇಕ ಮಕ್ಕಳಿಗೆ ಮೊದಲ ಅಕ್ಷರ, ಹೊಟ್ಟೆತುಂಬ ಊಟ ಕೊಟ್ಟಿವೆ. ಮುಚ್ಚಿ ಎನ್ನುವುದು ಅವಿವೇಕ. ಆದರೆ ಆರು ವರ್ಷದ ಮಗುವನ್ನು ಮನೆಯಿಂದ ಬಿಡಿಸಿ ದೂರದಲ್ಲಿಡುವುದು ಕುಟುಂಬದ ಆಯ್ಕೆಯಾಗಬೇಕು, ಹತ್ತಿರ ಶಾಲೆಯಿಲ್ಲದ್ದರ ಶಿಕ್ಷೆಯಾಗಬಾರದು.

ಇಲಾಖೆಗಳ ನಡುವೆ ಮಗು ಬಿದ್ದುಹೋಗುವ ಈ ಸಂಕಟಕ್ಕೆ ಕೆನಡಾ ಒಂದು ದಾರಿ ಕಂಡುಕೊಂಡಿದೆ. ಜೋರ್ಡನ್ ರಿವರ್ ಆ್ಯಂಡರ್ಸನ್ ಎಂಬ ಮೂಲನಿವಾಸಿ ಮಗುವಿನ ಮನೆಯಾರೈಕೆಯ ಖರ್ಚು ಯಾರದ್ದೆಂದು ಕೇಂದ್ರ ಸರ್ಕಾರವೂ ಮ್ಯಾನಿಟೋಬಾ ಪ್ರಾಂತವೂ ಜಗಳಾಡುತ್ತಿರುವಾಗಲೇ, 2005ರಲ್ಲಿ, ಅದು ಮನೆ ಕಾಣದೆ ತೀರಿಕೊಂಡಿತು. 2007ರಲ್ಲಿ ಅಲ್ಲಿನ ಸಂಸತ್ತು ಜೋರ್ಡನ್ ತತ್ವವನ್ನು ಬೆಂಬಲಿಸಿತು: ಮಗುವಿನ ಅಹವಾಲು ಮೊದಲು ಬಂದ ಸರ್ಕಾರ ಮೊದಲು ಸೇವೆ ಕೊಡಬೇಕು, ಖರ್ಚಿನ ತಕರಾರು ಆಮೇಲೆ. ಅದನ್ನು ನಿಜವಾಗಿ ಜಾರಿಗೆ ತರಿಸಲು ಸಿಂಡಿ ಬ್ಲ್ಯಾಕ್‌ಸ್ಟಾಕ್ ಮತ್ತು ಸಂಗಾತಿಗಳು ವರ್ಷಗಟ್ಟಲೆ ಹೋರಾಡಬೇಕಾಯಿತು. 2016ರಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿ ಅವರ ಪರ ತೀರ್ಪಿತ್ತಿತು. ಅಂದರೆ ತತ್ವ ಒಪ್ಪಿಕೊಂಡರೆ ಸಾಲದು, ಬೆನ್ನು ಹತ್ತುವವರೂ ಬೇಕು.

ನಮ್ಮಲ್ಲಿ ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳಿಗಾಗಿ ಕೇಂದ್ರ ತಂದ 2023ರ ಪಿಎಂ ಜನಮನ್ ಯೋಜನೆ ಕರ್ನಾಟಕದಲ್ಲಿ ಜೇನುಕುರುಬ, ಕೊರಗರಿಗೆ ಮಾತ್ರ ಅನ್ವಯವಾಗುವುದರಿಂದ ಹಸಲರು, ಮಲೆಕುಡಿಯರ ಹಾಡಿಗಳಿಗೆ ರಾಜ್ಯವೇ ಹೊಣೆ ಹೊರಬೇಕು. ಚಿಕ್ಕಮಗಳೂರಿನಲ್ಲಿ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಯಿದೆ. 3(2)ರ ಪ್ರಸ್ತಾವಗಳನ್ನು ಗ್ರಾಮಸಭೆಯಿಂದ ಬರೆಸಿ, ಅರಣ್ಯ ಇಲಾಖೆಗೆ ಮುಟ್ಟಿಸಿ, ಉತ್ತರ ಬರುವವರೆಗೆ ಬೆನ್ನು ಹತ್ತುವ ಕೆಲಸವನ್ನು ಆ ಕಚೇರಿಗೇ ಬರವಣಿಗೆಯಲ್ಲಿ ವಹಿಸಲಿ. ಜೂನ್ ಮಳೆ ಹಿಡಿದ ಮೇಲೆ ಈ ಗುಡ್ಡಗಳಲ್ಲಿ ಕಲ್ಲು, ಸಿಮೆಂಟು ಸಾಗುವುದಿಲ್ಲ; ಕಾಲುಸಂಕವೋ ಅಂಗನವಾಡಿಯೋ ಆಗಬೇಕಾದರೆ ಗ್ರಾಮಸಭೆಯ ನಿರ್ಣಯ ಕಾಫಿ ಕೊಯ್ಲಿಗೆ ಮೊದಲೇ, ಅಕ್ಟೋಬರಿನೊಳಗೆ, ಕೂಲಿಗೆ ಹೋಗುವ ತಾಯಂದಿರು ಸಭೆಗೆ ಬರಲು ಸಾಧ್ಯವಿರುವ ದಿನಗಳಲ್ಲೇ ಆಗಬೇಕು.