ಯುದ್ಧನೌಕೆಯ ಆಯಸ್ಸು: ‘ಮೈಸೂರು’ ಹೆಸರಿನ ಎರಡು ಹಡಗುಗಳು

ಬೋಡಿಮೆಟ್ಟು ಘಾಟಿ ಹತ್ತಿ ಮುನ್ನಾರ್ ದಾಟಿ ಮುಂದೆ ಹೋದರೆ ಹೆದ್ದಾರಿ ಕೊಚ್ಚಿ ತಲುಪುತ್ತದೆ. ಅಲ್ಲಿ ಭಾರತೀಯ ನೌಕಾಪಡೆಯ ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ ಇದೆ. ಯೋಧರಿಗೆ ಇರುವಂತೆ ನೌಕಾಪಡೆಯ ಹಡಗಿಗೂ ಸೇರ್ಪಡೆಯ ದಿನ, ನಿವೃತ್ತಿಯ ದಿನ ಎಂದು ಇರುತ್ತದೆ. ಈ ಎರಡು ದಿನಗಳ ನಡುವಿನ ಅವಧಿಯೇ ಹಡಗಿನ ಸೇವಾವಧಿ. ಕನ್ನಡ ನಾಡಿನ ಹೆಸರು ಹೊತ್ತ ‘ಐಎನ್‌ಎಸ್ ಮೈಸೂರು’ ಇದಕ್ಕೆ ಒಳ್ಳೆಯ ಉದಾಹರಣೆ.

ಹಡಗಿನ ಜೀವನದ ಹಂತಗಳು

ಮೊದಲು ಹಡಗುಕಟ್ಟೆಯಲ್ಲಿ ಅಡಿಪಾಯದಂಥ ಕೀಲ್ ಇಡುತ್ತಾರೆ. ಒಡಲು ಸಿದ್ಧವಾದ ಮೇಲೆ ನೀರಿಗಿಳಿಸುತ್ತಾರೆ. ಯಂತ್ರ, ರೇಡಾರ್, ಆಯುಧಗಳನ್ನು ಜೋಡಿಸಿ ಸಮುದ್ರದಲ್ಲಿ ಪರೀಕ್ಷೆ ಮಾಡಿದ ನಂತರವೇ ಸೇವೆಗೆ ಸೇರ್ಪಡೆ. ಅಲ್ಲಿಂದ ಮುಂದೆ ಕೆಲವು ವರ್ಷಗಳಿಗೊಮ್ಮೆ ‘ರೀಫಿಟ್’ ಎಂಬ ದೊಡ್ಡ ದುರಸ್ತಿ ನಡೆಯುತ್ತದೆ. ಉಪ್ಪುನೀರು ಉಕ್ಕನ್ನು ತಿನ್ನುತ್ತದೆ, ಯಂತ್ರ ಸವೆಯುತ್ತದೆ, ಆಯುಧ ಹಳತಾಗುತ್ತದೆ. ದುರಸ್ತಿಯ ಖರ್ಚು ಪ್ರಯೋಜನವನ್ನು ಮೀರಿದಾಗ ನಿವೃತ್ತಿ. ಆ ದಿನ ಸೂರ್ಯಾಸ್ತಕ್ಕೆ ನೌಕಾಧ್ವಜವನ್ನು ಕೊನೆಯ ಬಾರಿಗೆ ಇಳಿಸುತ್ತಾರೆ.

ಮೊದಲ ಮೈಸೂರು (1957–1985)

ಈ ಕ್ರೂಸರ್ ಹುಟ್ಟಿದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. 1939ರ ಜುಲೈ 18ರಂದು ನೀರಿಗಿಳಿದು 1940ರಲ್ಲಿ ಬ್ರಿಟಿಷ್ ನೌಕಾಪಡೆಗೆ ಸೇರಿದಾಗ ಇದರ ಹೆಸರು ‘ಎಚ್‌ಎಂಎಸ್ ನೈಜೀರಿಯಾ’. ಎರಡನೇ ಮಹಾಯುದ್ಧದಲ್ಲಿ ಉತ್ತರ ಧ್ರುವದ ಸಮುದ್ರದಲ್ಲಿ ಹೋರಾಡಿತು. 1942ರ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಬೆಂಗಾವಲಾಗಿ ಹೊರಟಾಗ ಇಟಲಿಯ ಜಲಾಂತರ್ಗಾಮಿ ‘ಆಕ್ಸಮ್’ನ ಟಾರ್ಪಿಡೊ ತಗಲಿ ತೀವ್ರವಾಗಿ ಹಾನಿಗೊಂಡಿತು. ಆದರೂ ಮುಳುಗಲಿಲ್ಲ.

1954ರಲ್ಲಿ ಭಾರತ ಇದನ್ನು ಕೊಂಡುಕೊಂಡಿತು. ಬರ್ಕನ್‌ಹೆಡ್‌ನಲ್ಲಿ ದೊಡ್ಡ ರೀಫಿಟ್ ಮುಗಿದ ಮೇಲೆ 1957ರ ಆಗಸ್ಟ್ 29ರಂದು ‘ಮೈಸೂರು’ ಎಂಬ ಹೆಸರಿನಲ್ಲಿ ಭಾರತದ ಸೇವೆಗೆ ಬಂತು. ಒಂಬತ್ತು 6 ಇಂಚಿನ ತೋಪುಗಳು ಇದರ ಮುಖ್ಯ ಆಯುಧ. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ ಇದೇ ಆಗಿತ್ತು. ಕೊನೆಯ ವರ್ಷಗಳಲ್ಲಿ ತರಬೇತಿಗೆ ಬಳಕೆಯಾಗಿ 1985ರ ಆಗಸ್ಟ್ 20ರಂದು ನಿವೃತ್ತವಾಯಿತು. ಎರಡು ದೇಶಗಳ ಧ್ವಜದಡಿ ಒಟ್ಟು 45 ವರ್ಷಗಳ ಬಾಳು.

ಎರಡನೇ ಮೈಸೂರು (1999ರಿಂದ)

ಹದಿನಾಲ್ಕು ವರ್ಷಗಳ ನಂತರ ಹೆಸರು ಮತ್ತೆ ಸಮುದ್ರಕ್ಕೆ ಬಂತು. ಈ ಬಾರಿ ಹಡಗು ಸ್ವದೇಶಿ. ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ 1991ರಲ್ಲಿ ಕೀಲ್ ಇಟ್ಟು, 1993ರಲ್ಲಿ ನೀರಿಗಿಳಿಸಿ, 1999ರ ಜೂನ್ 2ರಂದು ಸೇವೆಗೆ ಸೇರಿಸಲಾಯಿತು. ಡೆಲ್ಲಿ ವರ್ಗದ ಮೂರು ಡಿಸ್ಟ್ರಾಯರ್‌ಗಳಲ್ಲಿ ಇದು ಎರಡನೆಯದು, ಉದ್ದ 163 ಮೀಟರ್. ಹಳೆಯ ಹಡಗಿನ ಸಂಖ್ಯೆ ಸಿ60, ಹೊಸದರದು ಡಿ60. ಕ್ರೂಸರ್ ಹೋಗಿ ಡಿಸ್ಟ್ರಾಯರ್ ಬಂದದ್ದರಿಂದ ಅಕ್ಷರ ಬದಲಾಯಿತು, 60 ಹಾಗೆಯೇ ಉಳಿಯಿತು. ಲಾಂಛನದಲ್ಲಿರುವುದು ಮೈಸೂರು ಅರಸರ ಗಂಡಭೇರುಂಡ. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಈ ಹಡಗು 23 ಕಡಲ್ಗಳ್ಳರನ್ನು ಸೆರೆಹಿಡಿಯಿತು.

ನೆರವು ಹಡಗುಗಳು

ಯುದ್ಧನೌಕೆ ವಾರಗಟ್ಟಲೆ ಸಮುದ್ರದಲ್ಲಿರಬೇಕಾದರೆ ಇಂಧನ, ನೀರು, ಆಹಾರ ತಲುಪಿಸುವ ಟ್ಯಾಂಕರ್ ಬೇಕು. ‘ದೀಪಕ್’ 1967ರಿಂದ 1996ರವರೆಗೆ, ‘ಶಕ್ತಿ’ 1976ರಿಂದ 2007ರವರೆಗೆ ಈ ಕೆಲಸ ಮಾಡಿದವು. ಇಟಲಿಯಲ್ಲಿ ಕಟ್ಟಿದ ಎರಡು ಹೊಸ ಟ್ಯಾಂಕರ್‌ಗಳು 2011ರಲ್ಲಿ ಅದೇ ಹೆಸರುಗಳನ್ನು ಪಡೆದವು.

ನಿವೃತ್ತಿಯ ನಂತರ

ನಿವೃತ್ತ ಹಡಗುಗಳಲ್ಲಿ ಹೆಚ್ಚಿನವು ಗುಜರಿಗೆ ಹೋಗುತ್ತವೆ, ಕೆಲವು ಮಾತ್ರ ವಸ್ತುಸಂಗ್ರಹಾಲಯವಾಗುತ್ತವೆ. ಅಂಥ ಕೆಲವು ಹಡಗುಗಳ ಗತಿ ಹೀಗಿದೆ:

- ವಿಕ್ರಾಂತ್: 1961ರಲ್ಲಿ ಸೇರ್ಪಡೆ, 1997ರಲ್ಲಿ ನಿವೃತ್ತಿ. ಕೆಲವು ವರ್ಷ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. 2014ರಲ್ಲಿ ಒಡೆಯಲಾಯಿತು. 2022ರಲ್ಲಿ ಹೊಸ ವಿಕ್ರಾಂತ್ ಸೇವೆಗೆ ಬಂತು.
- ವಿರಾಟ್: ಬ್ರಿಟನ್ನಿನಲ್ಲಿ 1959ರಲ್ಲಿ, ಭಾರತದಲ್ಲಿ 1987ರಲ್ಲಿ ಸೇರ್ಪಡೆ. 2017ರಲ್ಲಿ ನಿವೃತ್ತಿ. 2020ರಲ್ಲಿ ಒಡೆಯಲು ಗುಜರಾತಿನ ಅಲಾಂಗ್ ತಲುಪಿತು.
- ಕುರ್ಸುರಾ: 1969ರಲ್ಲಿ ಸೇರಿದ ಜಲಾಂತರ್ಗಾಮಿ. 2001ರಲ್ಲಿ ನಿವೃತ್ತಿ. ವಿಶಾಖಪಟ್ಟಣದ ಕಡಲತೀರದಲ್ಲಿ ವಸ್ತುಸಂಗ್ರಹಾಲಯ.
- ಚಪಲ್: 1976ರ ನವೆಂಬರ್ 4ರಂದು ಸೇರಿದ ಕ್ಷಿಪಣಿ ದೋಣಿ. 2005ರ ಮೇ 5ರಂದು ನಿವೃತ್ತಿ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿದೆ.

ಚಪಲ್ 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ದೋಣಿ ಎಂದು ಹೇಳುವುದುಂಟು. ಸೇರ್ಪಡೆಯ ದಿನಾಂಕ ನೋಡಿದರೆ ಅದು ಸಾಧ್ಯವಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ಆ ದಾಳಿ ಮಾಡಿದ್ದು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ಅದೇ ಸೋವಿಯತ್ ಮಾದರಿಯ ನಂತರದ ಆವೃತ್ತಿ. ಇಂದು ಹತ್ತಿ ನೋಡಲು ಸಿಗುವುದು ಚಪಲ್ ಆದ್ದರಿಂದ ಹಿರಿಯ ದೋಣಿಗಳ ಕೀರ್ತಿಯೂ ಅದಕ್ಕೇ ಸಂದಿದೆ.

ಉಳಿಸಿಕೊಂಡ ಹಡಗಿಗೂ ಆರೈಕೆ ಬೇಕು. ಕಡಲ ಗಾಳಿಗೆ ನಿಂತ ಉಕ್ಕಿಗೆ ಬಣ್ಣ, ದುರಸ್ತಿ ತಪ್ಪಿದರೆ ತುಕ್ಕು ತಪ್ಪದು. ಚಿಕ್ಕ ಚಪಲ್ ಉಳಿದು ದೈತ್ಯ ವಿಕ್ರಾಂತ್ ಉಳಿಯದಿರಲು ಈ ಖರ್ಚೂ ಒಂದು ಕಾರಣ. ಮೊದಲ ಮೈಸೂರಿನ ಒಡಲು ಇಂದು ಇಲ್ಲ. ಅದರ ಹೆಸರು, ಸಂಖ್ಯೆ ಮತ್ತು ಗಂಡಭೇರುಂಡ ಮಾತ್ರ ಎರಡನೇ ಹಡಗಿನಲ್ಲಿ ಸೇವೆ ಮುಂದುವರಿಸಿವೆ.