ತನ್ನದಲ್ಲದ್ದನ್ನು ದಾನ ಕೊಡಬಹುದೇ?

ನಿಮ್ಮದಲ್ಲದ ಪುಸ್ತಕವನ್ನು ಗೆಳೆಯನಿಗೆ ದಾನ ಕೊಡಲು ನಿಮಗೆ ಅಧಿಕಾರವಿದೆಯೇ? ಇಲ್ಲವೆಂದು ಕೂಡಲೇ ಹೇಳುವಿರಿ. ಈ ಸಣ್ಣ ಪ್ರಶ್ನೆಯೇ ಅಮೆರಿಕದ ಸರ್ಕಾರಿ ನೌಕರರನ್ನು ಗಣಕ ಯುಗದಲ್ಲಿ ಪೇಚಿಗೆ ಸಿಲುಕಿಸಿತು. ಅದರ ಬೇರು ಮಾತ್ರ 19ನೆಯ ಶತಮಾನದಲ್ಲಿದೆ.

1895ರಲ್ಲಿ ಅಮೆರಿಕದ ಮುದ್ರಣ ಕಾಯಿದೆಯು ಸರ್ಕಾರಿ ಪ್ರಕಟಣೆಗಳಿಗೆ ಕೃತಿಸ್ವಾಮ್ಯ ಇರಕೂಡದೆಂದು ವಿಧಿಸಿತು. 1976ರ ಕೃತಿಸ್ವಾಮ್ಯ ಕಾಯಿದೆಯ 105ನೆಯ ಕಲಮು ಇದನ್ನೇ ಸ್ಪಷ್ಟಪಡಿಸಿತು: ಕೇಂದ್ರ ಸರ್ಕಾರದ ನೌಕರನು ತನ್ನ ಕರ್ತವ್ಯದ ಅಂಗವಾಗಿ ರಚಿಸಿದ ಕೃತಿಗೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ, ಅದು ಸಾರ್ವಜನಿಕರ ಸೊತ್ತು. ಗಣಕಯಂತ್ರದ ತಂತ್ರಾಂಶವೂ ಇಂಥ ಕೃತಿಯೇ.

ಇನ್ನು ಮುಕ್ತ ತಂತ್ರಾಂಶದತ್ತ ನೋಡೋಣ. ಇದನ್ನು ಅನೇಕರು ಕೂಡಿ ಬರೆಯುತ್ತಾರೆ. ಯಾರು ಬೇಕಾದರೂ ಓದಿ ತಿದ್ದಬಹುದು. ಮುಂದೆ ವ್ಯಾಜ್ಯ ಬಾರದಿರಲೆಂದು ಅಪಾಚೆ ಪ್ರತಿಷ್ಠಾನದಂಥ ಸಂಸ್ಥೆಗಳು ಬರೆದವರಿಂದ ಒಂದು ಕರಾರುಪತ್ರಕ್ಕೆ ರುಜು ಪಡೆಯುತ್ತವೆ. 'ನನ್ನ ಈ ಕೃತಿಯನ್ನು ಬಳಸಲು ಕೃತಿಸ್ವಾಮ್ಯದ ಪರವಾನಗಿ ಕೊಟ್ಟಿದ್ದೇನೆ' ಎಂಬುದು ಅದರ ಸಾರ. ಆದರೆ ಕೃತಿಸ್ವಾಮ್ಯವೇ ಇಲ್ಲದ ನೌಕರನು ಯಾವ ಪರವಾನಗಿ ಕೊಟ್ಟಾನು? ಜನರಿಗೆ ಧಾರಾಳವಾಗಿ ಕೊಡಲೆಂದೇ ಹುಟ್ಟಿದ ಕಾಯಿದೆ, ಕೊಡುವ ಕೈಯನ್ನೇ ತಡೆದಂತಾಯಿತು!

ಆದರೂ ದಾರಿಗಳು ತೆರೆದವು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2000ದ ಡಿಸೆಂಬರಿನಲ್ಲಿ ಹೊರತಂದ ಭದ್ರತಾ ತಂತ್ರಾಂಶ 2003ರಲ್ಲಿ ಲಿನಕ್ಸ್‌ನಲ್ಲಿ ಸೇರಿತು. 2004ರಲ್ಲಿ ಲಿನಕ್ಸ್ ಬಳಗವು ಸರಳವಾದ ಪ್ರಮಾಣವೊಂದನ್ನು ರೂಢಿಗೆ ತಂದಿತು. 'ಇದನ್ನು ನಾನು ಬರೆದಿದ್ದೇನೆ, ಸಲ್ಲಿಸುವ ಹಕ್ಕು ನನಗಿದೆ' ಎಂದು ಬರೆದವನು ದೃಢಪಡಿಸಿದರೆ ಸಾಕು. ಪ್ರತ್ಯೇಕ ಕರಾರುಪತ್ರ ಬೇಡ. 2016ರಲ್ಲಿ ಅಮೆರಿಕ ಸರ್ಕಾರವೇ, ತನಗಾಗಿ ಹೊಸದಾಗಿ ಬರೆಸಿದ ತಂತ್ರಾಂಶದಲ್ಲಿ ಕನಿಷ್ಠ ಶೇಕಡಾ 20ನ್ನು ಮುಕ್ತಗೊಳಿಸುವಂತೆ ತನ್ನ ಇಲಾಖೆಗಳಿಗೆ ಮೂರು ವರ್ಷಗಳ ಪ್ರಾಯೋಗಿಕ ಯೋಜನೆಯಡಿ ಸೂಚಿಸಿತು.

ನಮ್ಮ ದೇಶದ ರೀತಿ ಬೇರೆ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಸರ್ಕಾರಿ ಕೃತಿಯ ಮೊದಲ ಒಡೆಯ ಸರ್ಕಾರವೇ. ಆ ಹಕ್ಕು 60 ವರ್ಷ ಉಳಿಯುತ್ತದೆ. ಇಲ್ಲಿಯೂ ನೌಕರನು ತಾನಾಗಿ ರುಜು ಹಾಕುವಂತಿಲ್ಲ. ಆದರೆ ಒಡೆಯನಾದ ಸರ್ಕಾರ ಕೊಡಬಹುದು. 2020ರ ಮೇ ತಿಂಗಳಲ್ಲಿ 'ಆರೋಗ್ಯ ಸೇತು'ವಿನ ಮೂಲ ಸಂಕೇತವನ್ನು ಹಾಗೆಯೇ ಬಹಿರಂಗಪಡಿಸಲಾಯಿತು.

ನಾಳೆ ನೀವೂ ಕಚೇರಿಯೊಂದರಲ್ಲಿ ಕುಳಿತು ತಂತ್ರಾಂಶ ಬರೆಯಬಹುದು. ಅದನ್ನು ಲೋಕಕ್ಕೆ ಕೊಡುವ ಆಸೆ ಒಳ್ಳೆಯದೇ. ರುಜು ಹಾಕುವ ಮುನ್ನ ಒಂದು ಮಾತು ಕೇಳಿಕೊಳ್ಳಿ: ಇದರ ಒಡೆಯರು ಯಾರು?