ಬೇಸಿಗೆಯೂ ಎಣ್ಣೆಗೆ ಚಳಿಗಾಲವೇ: ಕಾರಿನ ಎಂಜಿನ್ ಆಯಿಲ್ ನಡೆದು ಬಂದ ದಾರಿ

ಬೆಂಗಳೂರಿನಿಂದ ಹಾಸನದ ಕಡೆಗೆ ಹೊರಟ ಕಾರು ನೆಲಮಂಗಲ, ಕುಣಿಗಲ್ ದಾಟಿ ಸುಮಾರು 90 ಕಿ.ಮೀ. ಬಂದಾಗ ಯಡಿಯೂರು ಸಿಗುತ್ತದೆ. ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ ಇರುವ ಕ್ಷೇತ್ರವಾದ್ದರಿಂದ ಧರ್ಮಸ್ಥಳ, ಮಂಗಳೂರು ಕಡೆಗೆ ಹೋಗುವವರಲ್ಲೂ ಬಹಳ ಮಂದಿ ಇಲ್ಲಿ ಗಾಡಿ ನಿಲ್ಲಿಸಿ ಕೈಮುಗಿದು ಮುಂದೆ ಹೋಗುತ್ತಾರೆ. ಇಲ್ಲಿ ನಿಂತ ಕಾರುಗಳ ಸಾಲು ನೋಡಿದರೆ ಮೂರು ದಶಕಗಳ ಎಂಜಿನ್‌ಗಳು ಒಟ್ಟಿಗೇ ಕಾಣುತ್ತವೆ: ಹಳೇ ಸುಮೋ, ಓಮ್ನಿ, ಕ್ವಾಲಿಸ್, ಡಿಸೈರ್ ಟ್ಯಾಕ್ಸಿ, ನಿನ್ನೆ ಮೊನ್ನೆ ಶೋರೂಮಿನಿಂದ ಇಳಿದ ಹೈಬ್ರಿಡ್. ಹೊರಗಿನಿಂದ ಎಲ್ಲವೂ ಕಾರೇ. ಆದರೆ ಸುಮೋದ ಹೊಟ್ಟೆಗೆ ಸರಿಹೋಗುವ ಆಯಿಲ್ಲನ್ನು ಹೈಬ್ರಿಡ್‌ಗೆ ಸುರಿದರೆ ಇದಕ್ಕೆ ಕಷ್ಟ, ಇದರದ್ದನ್ನು ಸುಮೋಗೆ ಸುರಿದರೆ ಅದಕ್ಕೂ ಕಷ್ಟ.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ತಲೆಮಾರಿನಿಂದ ಬಂದ ಮಾತೊಂದಿದೆ: “ನಮ್ ಬಿಸಿಲಿಗೆ ತೆಳು ಆಯಿಲ್ ತಡೆಯಲ್ಲ ಸಾರ್, ಗಟ್ಟಿದೇ ಹಾಕ್ಸಿ.” ಹೇಳುವವರು ಕೈಯಾರೆ ನೂರಾರು ಎಂಜಿನ್ ಬಿಚ್ಚಿ ಕಂಡವರು, ಮಾತಿನ ಹಿಂದೆ ಅನುಭವವಿದೆ. ಆ ಅನುಭವ ಯಾವ ಕಾಲದ್ದು, ಯಾವ ಎಂಜಿನ್‌ನದ್ದು ಎಂಬುದನ್ನು ಬಿಡಿಸಿ ನೋಡಬೇಕು. ಅದಕ್ಕೆ ಈ ಎಣ್ಣೆ ನಡೆದು ಬಂದ ದಾರಿಯನ್ನೇ ಹಿಡಿದು ಹೋಗುವುದು ಒಳ್ಳೆಯದು.

ತುಮಕೂರು ಸೀಮೆಯ ಹೊಲದ ಬದುಗಳಲ್ಲಿ ಹರಳು ಗಿಡ ಹೊಸದಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ಬಹುಪಾಲು ಹರಳೆಣ್ಣೆಯೇ. ಲೋಹಕ್ಕೆ ಬಿಡದೆ ಅಂಟಿಕೊಳ್ಳುವ ಗುಣ ಅದಕ್ಕಿದೆ, ಬಿಸಿಯಾದರೂ ಬೇಗ ನೀರಾಗುವುದಿಲ್ಲ. ಮೋಟಾರು ಬಂದಾಗಲೂ ಈ ಎಣ್ಣೆ ಕೈಬಿಡಲಿಲ್ಲ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಖನಿಜ ತೈಲಕ್ಕೆ ಹರಳೆಣ್ಣೆ ಬೆರೆಸಿ ಮಾರಿದ ಆಯಿಲ್‌ಗೆ ಹರಳಿನ ಇಂಗ್ಲಿಷ್ ಹೆಸರಿನಿಂದಲೇ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್‌ಗಳು ಓಡಿದ್ದು ಹರಳೆಣ್ಣೆಯಲ್ಲಿ. ಆದರೆ ಅದು ಬಹಳ ದಿನ ಬಿಸಿಯಲ್ಲಿದ್ದರೆ ಗಾಳಿ ಸೇರಿ ಅಂಟಂಟಾಗಿ ಮೇಣಗಟ್ಟುತ್ತದೆ. ದಿನವೂ ಓಡುವ ಕಾರಿಗೆ ಅದು ಒಗ್ಗಲಿಲ್ಲ. ಖನಿಜ ತೈಲ ಗೆದ್ದಿತು.

ಎಣ್ಣೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಾದದ್ದು ಕಾರಿಗಿಂತ ಮೊದಲು, ರೈಲಿನಿಂದ. 1883ರ ಸುಮಾರಿಗೆ ಬೋಶಾಂ ಟವರ್ ಎಂಬ ಎಂಜಿನಿಯರ್ ರೈಲಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಅಚ್ಚು ತಿರುಗತೊಡಗಿದೊಡನೆ ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದರೆ ಬಿರಡೆಯನ್ನೇ ದೂಡಿತು. ಮರದ ಗೂಟ ಬಡಿದರೆ ಅದನ್ನೂ ಹೊರಗಟ್ಟಿತು. ತಿರುಗುವ ಅಚ್ಚು ಎಣ್ಣೆಯನ್ನು ತಾನೇ ಕಿರಿದಾದ ಸಂದಿಗೆ ಎಳೆದುಕೊಂಡು, ಆ ಒತ್ತಡದ ಮೇಲೆ ತಾನು ತೇಲುತ್ತದೆ ಎಂಬುದು ಹಾಗೆ ಬಯಲಾಯಿತು. 1886ರಲ್ಲಿ ಆಸ್ಬಾರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕಟ್ಟಿದ. ಆ ಪದರ ಎಷ್ಟು ದಪ್ಪ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಮೂರು ಸಂಗತಿ: ಅಚ್ಚಿನ ವೇಗ, ಮೇಲಿನ ಭಾರ, ಎಣ್ಣೆಯ ಸ್ನಿಗ್ಧತೆ ಅಂದರೆ ಮಂದತನ. ಇಂದಿಗೂ ಕಾರಿನ ಕ್ರ್ಯಾಂಕ್ ಶಾಫ್ಟ್ ನಿಂತಿರುವುದು ಇದೇ ತತ್ವದ ಮೇಲೆ.

ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ಹುಟ್ಟಿದ್ದು 1905ರಲ್ಲಿ. ಎಂಜಿನ್ ಆಯಿಲ್‌ಗೆ ಅದು ಮೊದಲ ನಿರ್ದಿಷ್ಟತೆ ಬರೆದದ್ದು 1911ರಲ್ಲಿ. 1920ರ ದಶಕದಲ್ಲಿ ಸ್ನಿಗ್ಧತೆಯನ್ನೇ ಅಳತೆಗೋಲಾಗಿಸಿ 20, 30, 40, 50 ಎಂಬ ಅಂಕಿಗಳು ಬಂದವು. ತೊಡಕು ಉಳಿದದ್ದು ಚಳಿ ದೇಶಗಳಲ್ಲಿ. ತಿಪಟೂರಿನ ಕೊಬ್ಬರಿ ಎಣ್ಣೆ ಮಾಗಿಯ ಬೆಳಗ್ಗೆ ಸೀಸೆಯೊಳಗೆ ಬೆಳ್ಳಗೆ ಹೆಪ್ಪುಗಟ್ಟುವ ಹಾಗೆ, ಖನಿಜ ತೈಲದೊಳಗಿನ ಮೇಣ ಅಲ್ಲಿನ ಹಿಮದಲ್ಲಿ ಗಟ್ಟಿಯಾಗಿ ಎಂಜಿನ್ ತಿರುಗಿಸಲೂ ಬಿಡುತ್ತಿರಲಿಲ್ಲ. ಚಳಿಗಾಲಕ್ಕೊಂದು, ಬೇಸಿಗೆಗೊಂದು ಆಯಿಲ್ ಬದಲಾಯಿಸುವುದೇ ಅಲ್ಲಿನ ಪಾಡಾಗಿತ್ತು. ಮುಂದೆ ಚಳಿಗಾಲದ ದರ್ಜೆಗೆ ಡಬ್ಲ್ಯು ಅಕ್ಷರ ಸೇರಿದ್ದು ಈ ಕಾರಣಕ್ಕೆ.

1929ರಲ್ಲಿ ಡೀನ್ ಮತ್ತು ಡೇವಿಸ್ ಎಂಬಿಬ್ಬರು ಸ್ನಿಗ್ಧತಾ ಸೂಚ್ಯಂಕವನ್ನು ಕೊಟ್ಟರು. ಬಿಸಿಯಾದಂತೆ ಎಣ್ಣೆ ಎಷ್ಟು ಬೇಗ ತೆಳುವಾಗುತ್ತದೆ ಎಂಬುದರ ಲೆಕ್ಕ ಅದು; ಸೂಚ್ಯಂಕ ಹೆಚ್ಚಿದ್ದರೆ ಎಣ್ಣೆಯ ಗುಣ ಅಷ್ಟು ಸ್ಥಿರ. ಮುಂದೆ ಪಾಲಿಮರ್ ಬೆರಕೆಗಳು ಬಂದವು. ತಣ್ಣಗಿದ್ದಾಗ ಮುದುಡಿಕೊಂಡಿದ್ದು ಬಿಸಿಯಲ್ಲಿ ಬಿಚ್ಚಿಕೊಳ್ಳುವ ಈ ಉದ್ದನೆಯ ಅಣುಗಳು ಎಣ್ಣೆ ತೀರ ತೆಳುವಾಗದಂತೆ ತಡೆಯುತ್ತವೆ. 1950ರ ದಶಕದಲ್ಲಿ ಇವುಗಳಿಂದಲೇ ಮಲ್ಟಿಗ್ರೇಡ್ ಆಯಿಲ್ ಮಾರುಕಟ್ಟೆಗೆ ಬಂತು. 20ಡಬ್ಲ್ಯು-40 ಎಂಬ ಬರಹದಲ್ಲಿ ಎರಡು ಅಂಕಿ ಇರುವುದು ಈ ಕಾರಣಕ್ಕೆ.

ನಮ್ಮ ನೆಲದ ಕಥೆ ಬೇರೆ ಗತಿಯದು. 1930ರ ದಶಕದಲ್ಲಿ ದೇಶದಲ್ಲೇ ಕಾರು ತಯಾರಾಗಬೇಕೆಂದು ಹಟ ಹಿಡಿದು ಯೋಜನೆ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಬ್ರಿಟಿಷ್ ಸರ್ಕಾರ ಬೆನ್ನು ತಟ್ಟಲಿಲ್ಲ. ಆ ಯತ್ನದ ಕೊನೆಗೆ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಅದರ ಫಿಯೆಟ್, ಪದ್ಮಿನಿ, ಜೊತೆಗೆ ಹಿಂದೂಸ್ಥಾನ್ ಮೋಟರ್ಸಿನ ಅಂಬಾಸಿಡರ್, ಇವೇ ಕೆಲವು ದಶಕ ನಮ್ಮ ರಸ್ತೆಯ ಕಾರುಗಳು. ಅವುಗಳ ಬೇರಿಂಗ್ ಸಂದಿ ಅಗಲ, ಲೋಹ ಒರಟು, ಸೀಲುಗಳು ಸೋರುವಂಥವು. ತೆಳು ಆಯಿಲ್ ಹಾಕಿದರೆ ಕೆಳಗೆ ತೊಟ್ಟಿಕ್ಕುತ್ತಿತ್ತು, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿತ್ತು, ಪ್ರೆಶರ್ ಲೈಟ್ ಮಿಣುಕುತ್ತಿತ್ತು. ಗ್ಯಾರೇಜಿನಲ್ಲಿ ಒಂಟಿ ದರ್ಜೆಯ 40, ಆಮೇಲೆ 20ಡಬ್ಲ್ಯು-40, 20ಡಬ್ಲ್ಯು-50 ಬೇರೂರಿದ್ದು ಇದರಿಂದ. ಇಂಡಿಯನ್ ಆಯಿಲ್ ಸರ್ವೋ ಎಂಬ ಹೆಸರಿನಲ್ಲಿ ಮಾರತೊಡಗಿದ್ದು 1972ರಲ್ಲಿ. ಪೆಟ್ರೋಲ್ ಬಂಕಿನಲ್ಲಿ ಸಿಗುತ್ತಿದ್ದದ್ದೂ ಬಹುಪಾಲು ಇಂಥ ಮಂದ ಎಣ್ಣೆಯೇ. “ಗಟ್ಟಿದೇ ಹಾಕ್ಸಿ” ಎಂಬ ಮಾತು ಆ ಎಂಜಿನ್‌ಗಳಿಗೆ ನೂರಕ್ಕೆ ನೂರು ಸರಿಯಾಗಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಗ್ಯಾರೇಜಿನ ರೂಢಿ ಒಂದೇ ದಿನದಲ್ಲಿ ಬದಲಾಗಲಿಲ್ಲ, ಆದರೆ ಎಂಜಿನ್ ಬದಲಾಗಿತ್ತು. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಇಳಿದವು. ಯಡಿಯೂರಿನ ದಾರಿಯ ಟ್ಯಾಕ್ಸಿಗಳೆಂದರೆ ಬಹುಕಾಲ ಇವೇ, ಇವುಗಳ ಡೀಸೆಲ್ ಎಂಜಿನ್‌ಗೆ 15ಡಬ್ಲ್ಯು-40 ಹಾಕಿಸುವುದು ವಾಡಿಕೆ. ಅತ್ತ ಮಾರುತಿಯ ಕೆ-ಸರಣಿಯ ಪೆಟ್ರೋಲ್ ಎಂಜಿನ್‌ಗಳ ಜೊತೆ 5ಡಬ್ಲ್ಯು-30, 0ಡಬ್ಲ್ಯು-20, ಇತ್ತೀಚೆಗೆ 0ಡಬ್ಲ್ಯು-16 ಬಂದವು. ಇದಕ್ಕೆ ಹಿಂದಿನಿಂದ ಒತ್ತಿದ್ದು ಕಾನೂನು. 2017ರಿಂದ ಪ್ರತಿ ಕಂಪನಿಯ ಕಾರುಗಳ ಸರಾಸರಿ ಇಂಧನ ಬಳಕೆಗೆ ಮಿತಿ ಬಿತ್ತು, 2022ರಲ್ಲಿ ಅದು ಬಿಗಿಯಾಯಿತು. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ. ತೆಳು ಆಯಿಲ್‌ನಲ್ಲಿ ಪಂಪಿನ ಶ್ರಮ, ಎಣ್ಣೆಯ ಒಳತಿಕ್ಕಾಟ ಎರಡೂ ಕಡಿಮೆ. ಶೇಕಡಾ ಒಂದೆರಡರಷ್ಟು ಪೆಟ್ರೋಲ್ ಉಳಿದರೂ ಕಂಪನಿಗೆ ಅದು ದೊಡ್ಡ ಲೆಕ್ಕ.

ಹಾಗಾದರೆ ಇದು ಕಂಪನಿಯ ಮೈಲೇಜ್ ಲೆಕ್ಕಕ್ಕೆ ಮಾತ್ರವೇ, ಎಂಜಿನ್ ಸವೆದರೆ ನಮಗೆ ತಾನೆ ನಷ್ಟ ಎಂದು ಕೇಳುವವರಿದ್ದಾರೆ. ಈ ಅನುಮಾನದಲ್ಲಿ ಹುರುಳಿಲ್ಲದೆ ಇಲ್ಲ. ಅದಕ್ಕೆ ಉತ್ತರ ಅಂಕಿಗಳ ಒಳಗೇ ಇದೆ.

ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ದಪ್ಪವನ್ನು ಹೇಳುತ್ತದೆ. 40 ಎಂದರೆ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ, 30 ಎಂದರೆ 9.3ರಿಂದ 12.5, 20 ಎಂದರೆ 6.9ರಿಂದ 9.3. ಮೊದಲ ಅಂಕಿಯನ್ನು ತೀರ್ಮಾನಿಸುವುದು ಸೊನ್ನೆಗಿಂತ ಕೆಳಗಿನ ಪರೀಕ್ಷೆ: 0ಡಬ್ಲ್ಯು ಮೈನಸ್ 35ರಲ್ಲಿ, 15ಡಬ್ಲ್ಯು ಮೈನಸ್ 20ರಲ್ಲಿ ಎಂಜಿನ್ ತಿರುಗಲು ಬಿಡಬೇಕು. ಆದ್ದರಿಂದ 0ಡಬ್ಲ್ಯು-40 ಮತ್ತು 15ಡಬ್ಲ್ಯು-40 ಬಿಸಿಯಾದ ಮೇಲೆ ಒಂದೇ ದರ್ಜೆಯವು. ಸೊನ್ನೆ ಕಂಡೊಡನೆ ನೀರಿನಂಥ ಆಯಿಲ್ ಎಂದುಕೊಳ್ಳುವುದು ತಪ್ಪು.

ಕುಣಿಗಲ್ ಸೀಮೆಯಲ್ಲಿ ಮೈನಸ್ 20 ಎಲ್ಲಿ ಬರುತ್ತದೆ? ಬರುವುದಿಲ್ಲ. ಮಾಗಿಯ ಬೆಳಗ್ಗೆ 15ರ ಆಸುಪಾಸು, ಚೈತ್ರದ ಮಧ್ಯಾಹ್ನ 36–37. ಮೊದಲ ಅಂಕಿ ನಮಗೆ ಬೇಡವೇ ಬೇಡ ಎಂಬ ವಾದ ಇಲ್ಲಿಂದ ಹುಟ್ಟುತ್ತದೆ. ಆದರೆ 40 ಡಿಗ್ರಿಯಲ್ಲೇ, ಅಂದರೆ ನಮ್ಮ ಕಡು ಬೇಸಿಗೆಗಿಂತ ತುಸು ಹೆಚ್ಚಿನ ಬಿಸಿಯಲ್ಲೇ, ಸಾಮಾನ್ಯ 15ಡಬ್ಲ್ಯು-40 ಸುಮಾರು 100ರಿಂದ 110 ಸೆಂಟಿಸ್ಟೋಕ್ಸ್ ಇರುತ್ತದೆ. ಅದೇ ಎಣ್ಣೆ 100 ಡಿಗ್ರಿಗೆ ಬಂದಾಗ 14ರ ಸುಮಾರು. ಎಂಜಿನ್ ರೂಪಿಸಿದವನು ಲೆಕ್ಕ ಹಾಕಿದ್ದು ಆ 14ಕ್ಕೆ. ಬಿಸಿಲಲ್ಲಿ ನಿಂತು ಬಾನೆಟ್ ಸುಡುತ್ತಿರುವ ಕಾರಿನಲ್ಲೂ ಎಣ್ಣೆ ಇರಬೇಕಾದ್ದಕ್ಕಿಂತ ಏಳೆಂಟು ಪಟ್ಟು ಮಂದ. ಎಣ್ಣೆಯ ಮಟ್ಟಿಗೆ ನಮ್ಮಲ್ಲಿ ಬೇಸಿಗೆಯೇ ಇಲ್ಲ, ವರ್ಷವಿಡೀ ಚಳಿಗಾಲ. 0ಡಬ್ಲ್ಯು-20 ಅದೇ 40 ಡಿಗ್ರಿಯಲ್ಲಿ 40ರಿಂದ 45 ಇರುತ್ತದೆ. ಬೆಳಗ್ಗೆ ಕೀಲಿ ತಿರುಗಿಸಿದೊಡನೆ ಅಷ್ಟು ಬೇಗ ಹೆಡ್ಡಿನವರೆಗೆ ಏರುತ್ತದೆ. ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳೇ ಎಂಜಿನ್‌ಗೆ ಕಷ್ಟದ ಹೊತ್ತು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಈಗಿನ ಎಂಜಿನ್‌ನಲ್ಲಿ ಆಯಿಲ್ ಬರೀ ಜಾರಿಸುವುದಿಲ್ಲ, ಕೈಕಾಲಿನಂತೆ ಕೆಲಸವನ್ನೂ ಮಾಡುತ್ತದೆ. ವಾಲ್ವ್ ತೆರೆಯುವ ಹೊತ್ತನ್ನು ಹಿಂದುಮುಂದು ಮಾಡುವ ವಿವಿಟಿ, ಟೈಮಿಂಗ್ ಚೈನನ್ನು ಬಿಗಿಯುವ ಟೆನ್ಷನರ್, ಎರಡೂ ಆಯಿಲ್ ಒತ್ತಡದಿಂದ ನಡೆಯುವಂಥವು. ಅಲ್ಲಿನ ದಾರಿಗಳು ಸಣ್ಣವು. ಮಂದ ಎಣ್ಣೆ ಹಾಕಿದರೆ ಅವು ತಡವಾಗಿ ಓಗೊಡುತ್ತವೆ. ತಣ್ಣಗಿರುವಾಗ ಫಿಲ್ಟರಿನ ಬೈಪಾಸ್ ತೆರೆದು ಸೋಸದ ಎಣ್ಣೆಯೇ ಬೇರಿಂಗಿಗೆ ಹೋಗುವುದೂ ಉಂಟು.

ಇನ್ನು ಗಟ್ಟಿ ಎಣ್ಣೆಯ ಪರವಾಗಿ ಹೇಳಬೇಕಾದ ನಿಜವೂ ಇದೆ. ಹೊರಗಿನ ಬಿಸಿಲಿಗಿಂತ ಎಣ್ಣೆಯನ್ನು ಕಾಯಿಸುವುದು ಭಾರ. ಯಡಿಯೂರಿನಿಂದ ಹಾಸನದವರೆಗೆ ನಾಲ್ಕು ಪಥದಲ್ಲಿ ಹಾಯಾಗಿ ಓಡಿದ ಕಾರು ಮಂಗಳೂರಿನಿಂದ ಮರಳುವಾಗ ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಹತ್ತಬೇಕು. ಏಳು ಜನ, ಕ್ಯಾರಿಯರ್ ಮೇಲೆ ಸಾಮಾನು, ಎಸಿ ಚಾಲೂ, ಮುಂದೆ ಲಾರಿಗಳ ಸಾಲು, ಎರಡನೇ ಗೇರು. ಇಂಥಲ್ಲಿ ಎಣ್ಣೆಯ ಬಿಸಿ 100 ದಾಟಿ ಏರುತ್ತದೆ, ಬೇರಿಂಗಿನ ಸಂದಿಯಲ್ಲಿ ಇನ್ನೂ ಹೆಚ್ಚು. ಅಲ್ಲಿ ಎಣ್ಣೆ ಹರಿದುಹೋಗದೆ ನಿಲ್ಲುತ್ತದೆಯೇ ಎಂದು ತಿಳಿಯಲು ಮತ್ತೊಂದು ಪರೀಕ್ಷೆಯಿದೆ: 150 ಡಿಗ್ರಿಯಲ್ಲಿ, ಜೋರಾಗಿ ತಿಕ್ಕುವಾಗ ಉಳಿಯುವ ದಪ್ಪ. 15ಡಬ್ಲ್ಯು-40ಕ್ಕೆ ಇದು ಕನಿಷ್ಠ 3.7 ಸೆಂಟಿಪಾಯ್ಸ್ ಇರಬೇಕು, 30ರ ದರ್ಜೆಗೆ 2.9, 20ಕ್ಕೆ 2.6, 16ಕ್ಕೆ 2.3. ವ್ಯತ್ಯಾಸ ಕಡಿಮೆಯದಲ್ಲ. 0ಡಬ್ಲ್ಯು-16ಕ್ಕೆಂದೇ ಹುಟ್ಟಿದ ಎಂಜಿನ್‌ನಲ್ಲಿ ಬೇರಿಂಗಿನ ಅಗಲ, ನುಣುಪು, ಪಂಪು ಎಲ್ಲವನ್ನೂ ಅದಕ್ಕೆ ಹೊಂದಿಸಿರುತ್ತಾರೆ. ಹಳೇ ಇನ್ನೋವಾಗೆ ಅದನ್ನು ಸುರಿದರೆ ಘಾಟಿಯಲ್ಲೇ ಬೇರಿಂಗ್ ಬಲಿಯಾದೀತು.

ಆದ್ದರಿಂದ ನನ್ನ ಮಾತು ಇಷ್ಟು: ಆಯ್ಕೆಯನ್ನು ಬಿಸಿಲಿನಿಂದ ಶುರು ಮಾಡಬೇಡಿ, ಎಂಜಿನ್‌ನಿಂದ ಶುರು ಮಾಡಿ. ಗ್ಲವ್ ಬಾಕ್ಸಿನಲ್ಲಿರುವ ಓನರ್ಸ್ ಮ್ಯಾನುಯಲ್ ಬಿಚ್ಚಿದರೆ ಎಷ್ಟೋ ಕಾರುಗಳಿಗೆ ಒಂದಕ್ಕಿಂತ ಹೆಚ್ಚು ದರ್ಜೆ ಬರೆದಿರುತ್ತದೆ. ಆ ಗೆರೆಯೊಳಗೆ ನಿಮ್ಮ ರಸ್ತೆ, ಹೊರೆ ನೋಡಿ ತೀರ್ಮಾನಿಸಬಹುದು. ಕುಣಿಗಲ್–ತುಮಕೂರು ನಡುವೆ ಒಬ್ಬರೇ ಓಡಾಡುವವರಿಗೆ ತೆಳುವಾದ ದರ್ಜೆಯೇ ಸೈ. ತಿಂಗಳಿಗೆ ನಾಲ್ಕು ಸಲ ತುಂಬು ಹೊರೆಯಲ್ಲಿ ಘಾಟಿ ಹತ್ತುವ ಟ್ಯಾಕ್ಸಿಯವರು ಅದೇ ಪಟ್ಟಿಯ ಮಂದ ದರ್ಜೆಗೆ ಹೋದರೆ ಅದೂ ನ್ಯಾಯವೇ. ಪಟ್ಟಿ ದಾಟಿ ಹೋಗುವುದು ಮಾತ್ರ ಬೇಡ.

ಅಂಕಿಯಷ್ಟೇ ಮುಖ್ಯವಾದ, ಆದರೆ ಕೌಂಟರಿನಲ್ಲಿ ಯಾರೂ ಕೇಳದ ಇನ್ನೊಂದು ಬರಹ ಡಬ್ಬದ ಮೇಲಿರುತ್ತದೆ: ಗುಣಮಟ್ಟದ ವರ್ಗ. ಪೆಟ್ರೋಲ್ ಕಾರಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ವರ್ಗಗಳು ಎಸ್‌ಎಲ್, ಎಸ್‌ಎನ್ ದಾಟಿ 2020ರಲ್ಲಿ ಎಸ್‌ಪಿಗೆ ಬಂದವು. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲೇ ಅಕಾಲಿಕವಾಗಿ ಹೊತ್ತಿಕೊಳ್ಳುವ ತೊಂದರೆಗೆ ಇದರಲ್ಲಿ ಕಾಪಿದೆ. ಬಿಎಸ್-6 ಡೀಸೆಲ್ ಕಾರಿನವರು ಇನ್ನೂ ಎಚ್ಚರ ವಹಿಸಬೇಕು. ಹೊಗೆಯ ಮಸಿ ಹಿಡಿಯುವ ಡಿಪಿಎಫ್‌ಗೆ ಆಯಿಲ್‌ನ ಬೂದಿ ಶತ್ರು. ಮಸಿ ಸುಟ್ಟುಹೋಗುತ್ತದೆ, ಬೂದಿ ಒಳಗೇ ಉಳಿದು ಫಿಲ್ಟರನ್ನು ಕಟ್ಟಿಸುತ್ತದೆ. ದರ್ಜೆ ಸರಿಯಿದ್ದರೂ ಬೂದಿ ಕಡಿಮೆ ಇರುವ ವರ್ಗ ಅಲ್ಲದಿದ್ದರೆ ಮುಂದೆ ದೊಡ್ಡ ಖರ್ಚು ಬಂದೀತು. ಲಾರಿಗೆಂದು ತಂದ ಡ್ರಮ್ಮಿನಿಂದ ಲೂಸ್ ಆಯಿಲ್ ಹಾಕಿಸುವ ಅಭ್ಯಾಸವನ್ನು ಈ ಕಾರುಗಳು ತಾಳುವುದಿಲ್ಲ.

ಲಕ್ಷ ಕಿ.ಮೀ. ದಾಟಿ ಆಯಿಲ್ ಕುಡಿಯತೊಡಗಿದ ಹಳೇ ಎಂಜಿನ್‌ಗೆ ಒಂದು ದರ್ಜೆ ಮೇಲಿನದು ಹಾಕಿದರೆ ಕುಡಿತ ಸ್ವಲ್ಪ ತಗ್ಗುತ್ತದೆ, ಟ್ಯಾಪೆಟ್ ಸದ್ದು ಇಳಿಯುತ್ತದೆ. ಮ್ಯಾನುಯಲ್ ಒಪ್ಪಿದರೆ ಹಾಗೆ ಮಾಡಿ ಕೆಲಕಾಲ ದಿನ ದೂಡಬಹುದು. ಸವೆದ ರಿಂಗು, ಗಟ್ಟಿಯಾದ ವಾಲ್ವ್ ಸೀಲು ಅದರಿಂದ ರಿಪೇರಿಯಾಗುವುದಿಲ್ಲ.

ಎಣ್ಣೆಯ ದಾರಿ ಇನ್ನೂ ತೆಳುವಿನ ಕಡೆಗೇ ಸಾಗಿದೆ. ಎಸ್‌ಎಇ 2013ರಲ್ಲಿ 16ನ್ನು ಸೇರಿಸಿತು, 2015ರಲ್ಲಿ 12 ಮತ್ತು 8ನ್ನು. ಹೈಬ್ರಿಡ್ ಕಾರಿನಲ್ಲಿ ಎಂಜಿನ್ ಒಂದೇ ಪಯಣದಲ್ಲಿ ಮತ್ತೆ ಮತ್ತೆ ನಿಂತು ಶುರುವಾಗುವುದರಿಂದ ಎಣ್ಣೆ ಪೂರ್ತಿ ಕಾಯದೆ ಉಳಿಯುವುದುಂಟು. ತಣ್ಣಗೆ ಇದ್ದಾಗಲೂ ಓಡುವ ಎಣ್ಣೆ ಅದಕ್ಕೆ ಬೇಕೇ ಬೇಕು. ಕಾಯದ ಎಣ್ಣೆಯಲ್ಲಿ ತೇವ, ಪೆಟ್ರೋಲ್ ಸೇರಿ ಉಳಿಯುತ್ತವೆ ಎಂಬುದು ಅದರ ಬೆನ್ನಿಗೇ ಬಂದ ತೊಂದರೆ. ಐದಾರು ಕಿ.ಮೀ.ಯಷ್ಟೇ ಓಡಿಸಿ ನಿಲ್ಲಿಸುವವರು ಹೀಗಾಗಿ ಕಿ.ಮೀ. ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ ಆಯಿಲ್ ಬದಲಿಸಬೇಕು. ತೆಳು ಆಯಿಲ್‌ನ ಕಾರಿನಲ್ಲಿ ಮಟ್ಟ ಇಳಿದರೆ ತಾಳಿಕೆ ಕಡಿಮೆ. ಘಾಟಿಗೆ ಹೊರಡುವ ಮುನ್ನ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು, ಗೇಜ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಿ. ಎರಡು ಗುರುತುಗಳ ನಡುವೆ, ಮೇಲಿನದರ ಹತ್ತಿರ ಇರಬೇಕು.